ಪ್ಲೆಥೊರಾ ಬೇರೆ, ಮಿರಿಯಡ್ ಬೇರೆ

ಬದಿಯಡ್ಕದ ಓದುಗರ ಪ್ರಶ್ನೆ: ಪ್ಲಸ್ ವನ್ ಓದುವ ಮಗಳು ಇಂಗ್ಲಿಷ್ ಪ್ರಬಂಧದಲ್ಲಿ, ಕಾಸರಗೋಡಿನಲ್ಲಿ ‘ಎ ಪ್ಲೆಥೊರಾ ಆಫ್ ಲ್ಯಾಂಗ್ವೇಜಸ್’ ಇವೆ ಎಂದು ಬರೆದಿದ್ದಳು. ಟೀಚರ್ ಅದನ್ನು ಹೊಡೆದು ಹಾಕಿ ‘ಮಿರಿಯಡ್’ ಎಂದು ತಿದ್ದಿದ್ದಾರೆ. ಡಿಕ್ಷನರಿಯಲ್ಲಿ ಎರಡಕ್ಕೂ ‘ತುಂಬಾ’ ಅಂತಲೇ ಇದೆ. ವ್ಯತ್ಯಾಸ ಏನು?

ಉತ್ತರ: ಟೀಚರ್ ಹೊಡೆದದ್ದು ಸರಿ. ಬದಲಿಗೆ ಕೊಟ್ಟ ಪದದ ಬಗ್ಗೆ ಮಾತ್ರ ನನ್ನ ತಕರಾರಿದೆ.

ಪ್ಲೆಥೊರಾ ಮೊದಲು ವೈದ್ಯರ ಮಾತಾಗಿತ್ತು. ಮೈಯಲ್ಲಿ ರಕ್ತ ಜಾಸ್ತಿಯಾಯಿತು ಅನ್ನಿಸಿದರೆ ಯುರೋಪಿನ ಹಳೆಯ ವೈದ್ಯರು ಆ ಕಾಯಿಲೆಯನ್ನು ಹಾಗೆ ಕರೆಯುತ್ತಿದ್ದರು. ಮದ್ದು ಅಂದರೆ ನರ ಕೊಯ್ದು ರಕ್ತ ಹರಿಸುವುದು, ಇಲ್ಲವೇ ಜಿಗಣೆ ಕಚ್ಚಿಸುವುದು. ಆ ಕಾಯಿಲೆಯ ವಾಸನೆ ಪದಕ್ಕೆ ಇನ್ನೂ ಅಂಟಿಕೊಂಡಿದೆ. ಬೇಕಾದ್ದಕ್ಕಿಂತ ಹೆಚ್ಚಾಗಿ, ಏನು ಮಾಡುವುದೆಂದು ತೋಚದಷ್ಟು ಇದ್ದರೆ ಪ್ಲೆಥೊರಾ. ಜೂನ್ ತಿಂಗಳಲ್ಲಿ ನಿಮ್ಮ ಹಲಸಿನ ಮರದ ಬುಡ ನೋಡಿ. ಹಪ್ಪಳ ಮಾಡಿ ಆಯಿತು, ಉಪ್ಪು ಸೊಳೆಯ ಭರಣಿ ತುಂಬಿತು, ನೆರೆಮನೆಯವರೂ ಇನ್ನು ಬೇಡ ಅಂದರು. ಆದರೂ ದಿನಾ ಹಣ್ಣು ಬಿದ್ದು ಕೊಳೆಯುತ್ತಲೇ ಇರುತ್ತದೆ. ಅದು ಪ್ಲೆಥೊರಾ. ಈಗೀಗ ಸುಮ್ನೆ ‘ತುಂಬಾ’ ಎಂಬ ಅರ್ಥದಲ್ಲೂ ಬಳಸುತ್ತಾರೆ, ತಪ್ಪೇನಲ್ಲ. ಆದರೆ ಭಾಷೆಗಳಿಗೆ ಹಚ್ಚಿದರೆ, ಇಷ್ಟೊಂದು ಭಾಷೆ ಯಾಕಪ್ಪಾ ಎಂದು ಗೊಣಗಿದ ಹಾಗೆ ಕೇಳುತ್ತದೆ.

ಮಿರಿಯಡ್‌ನಲ್ಲಿ ಆ ಗೊಣಗಾಟ ಇಲ್ಲ. ಅದು ಗ್ರೀಕರ ಲೆಕ್ಕದ ಪದ, 10,000. ಇಡೀ ವಿಶ್ವ ತುಂಬಲು ಎಷ್ಟು ಮರಳು ಬೇಕೆಂದು ಲೆಕ್ಕ ಹಾಕಲು ಹೊರಟ ಆರ್ಕಿಮಿಡೀಸ್, ಮಿರಿಯಡ್ ಸಲ ಮಿರಿಯಡ್, ಅಂದರೆ ನಮ್ಮ 10 ಕೋಟಿಯನ್ನು ಮೊದಲ ಮೆಟ್ಟಿಲು ಮಾಡಿಕೊಂಡ! ಇಂಗ್ಲಿಷಿನಲ್ಲಿ ಈಗ ಆ ಲೆಕ್ಕ ಹೋಗಿ ‘ಎಣಿಸಲಾರದಷ್ಟು’ ಎಂಬ ಅರ್ಥ ಉಳಿದಿದೆ. ‘ಮಿರಿಯಡ್ ಸ್ಟಾರ್ಸ್’ ಅನ್ನಿ, ‘ಎ ಮಿರಿಯಡ್ ಆಫ್ ಸ್ಟಾರ್ಸ್’ ಅನ್ನಿ, ಎರಡೂ ನಡೆಯುತ್ತದೆ. ಎರಡನೆಯದಕ್ಕೆ ಕೆಂಪು ಗೆರೆ ಎಳೆಯುವವರಿದ್ದಾರೆ. ಕೇಳಬೇಡಿ, ಇಂಗ್ಲಿಷಿನಲ್ಲಿ ನಾಮಪದದ ಬಳಕೆಯೇ ಹಳೆಯದು. ‘ಪ್ಲೆಥೊರಾ ಸ್ಟಾರ್ಸ್’ ಮಾತ್ರ ಆಗುವುದಿಲ್ಲ, ಅಲ್ಲಿ ‘ಆಫ್’ ಬೇಕೇ ಬೇಕು.

ಇನ್ನು ಮಗಳ ವಾಕ್ಯ. ಕಾಸರಗೋಡಿಗೆ ಸಪ್ತಭಾಷಾ ಸಂಗಮ ಭೂಮಿ ಎಂದೇ ಹೆಸರು. ಕನ್ನಡ, ಮಲಯಾಳಂ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು. ಬೇಕಾದರೆ ಇನ್ನೊಂದೆರಡು ಸೇರಿಸಿ, ಆಗಲೂ ಬೆರಳೆಣಿಕೆಗೆ ಸಿಗುತ್ತವೆ, ಅಲ್ವಾ? ಅದಕ್ಕೆ ಮಿರಿಯಡ್ ಯಾಕೆ? ‘ಸೆವೆನ್ ಲ್ಯಾಂಗ್ವೇಜಸ್’ ಅಂತ ಬರೆದು, ಒಂದೊಂದರ ಹೆಸರನ್ನೂ ಹಾಕಲಿ. ಟೀಚರ್ ಒಪ್ಪದಿದ್ದರೆ ‘ಮೆನಿ’ ಸಾಕು. ಅದಕ್ಕೆ ಯಾರೂ ಮಾರ್ಕು ಕಡಿಯುವುದಿಲ್ಲ.