ಅಮ್ಮನ ಮೂಗಿನ ಟ್ಯೂಬ್ ತೆಗೆಸಿದರೆ ಉಪವಾಸ ಕೆಡವಿ ಕೊಂದಂತೆ ಆಗುತ್ತದೆಯೇ?

ಸೋಮವಾರಪೇಟೆಯ ಮನೆಯಲ್ಲಿ ಎರಡು ವರ್ಷದಿಂದ ಪ್ರಜ್ಞೆಯಿಲ್ಲದೆ ಮಲಗಿರುವ ತಾಯಿಯ ಬಗ್ಗೆ ಕೇಳಿದ್ದೀರಿ. ಕೊಂದಂತಲ್ಲ ಅಂತಲೇ ನನ್ನ ನಂಬಿಕೆ. ಆದರೆ ಈ ಮಾತು ಎದೆಗೆ ಇಳಿಯೋದು ಎಷ್ಟು ಕಷ್ಟ ಅಂತಲೂ ಗೊತ್ತು.

ವಿರಾಜಪೇಟೆಯಲ್ಲಿ ನಮ್ಮ ಅಪ್ಪನಿಗೆ ಏಳು ತಿಂಗಳು ನಾನೇ ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಸಿರಿಂಜ್ ಎತ್ತಿ ಹಿಡಿದು ನಿಧಾನ ಬಿಡುತ್ತಿದ್ದೆ. ಟ್ಯೂಬ್ ಕಿತ್ತುಕೊಳ್ಳಬಾರದೆಂದು ಅವರ ಕೈಯನ್ನು ಹಳೇ ಪಂಚೆಯ ಚೂರಿನಿಂದ ಮಂಚಕ್ಕೆ ಕಟ್ಟಿದ್ದೆವು. ತುತ್ತು ಇಡೋದು ಬೇರೆ, ಇದು ಬೇರೆ. ಇದು ಚಿಕಿತ್ಸೆ, ಗುಣವಾಗುವ ಆಸೆ ಇಲ್ಲದಾಗ ಚಿಕಿತ್ಸೆ ನಿಲ್ಲಿಸಬಹುದು.

2011ರಲ್ಲಿ, ಹಲ್ಲೆಗೊಳಗಾಗಿ ದಶಕಗಳಿಂದ ಹಾಸಿಗೆ ಹಿಡಿದಿದ್ದ ಮುಂಬೈನ ನರ್ಸ್ ಅರುಣಾ ಶಾನಭಾಗ್ ಅವರ ಆಹಾರ ನಿಲ್ಲಿಸಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ದಶಕಗಳ ಕಾಲ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಬೇಡವೆಂದಿದ್ದರು. ಹಾಗೆ ಬೇಡವೆನ್ನುವವರು ನಿಮ್ಮ ಮನೆಯಲ್ಲೂ ಇದ್ದರೆ ಅವರ ಮಾತನ್ನು ತಳ್ಳಿಹಾಕಬೇಡಿ. 2018ರಲ್ಲಿ ಅದೇ ಕೋರ್ಟ್ ಘನತೆಯ ಸಾವು ಸಂವಿಧಾನದ 21ನೇ ವಿಧಿಯ, ಅಂದರೆ ಜೀವಿಸುವ ಹಕ್ಕಿನ, ಭಾಗ ಎಂದಿತು, 2023ರಲ್ಲಿ ಇಂಥ ಚಿಕಿತ್ಸೆ ನಿಲ್ಲಿಸುವ ಕ್ರಮವನ್ನು ಸರಳ ಮಾಡಿತು. ಕರ್ನಾಟಕ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿದೆ. ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರ ಸಮ್ಮತಿ ಬೇಕು. ಹಾಗಾಗಿ ದಯವಿಟ್ಟು ಮನೆಯಲ್ಲಿ ನೀವೇ ಟ್ಯೂಬ್ ಎಳೆಯಬೇಡಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ನಿಮಗೇನು ಬೇಕು ಅನ್ನೋದಕ್ಕಿಂತ, ಅಮ್ಮ ಚೆನ್ನಾಗಿದ್ದಾಗ ಇಂಥ ಸ್ಥಿತಿ ಬಗ್ಗೆ ಏನಂದಿದ್ದರು ಅಂತ ಅಣ್ಣತಮ್ಮಂದಿರೆಲ್ಲ ಕೂತು ನೆನಪಿಸಿಕೊಳ್ಳಿ. ಟ್ಯೂಬ್ ತೆಗೆದ ಮೇಲೂ ಆರೈಕೆ ನಿಲ್ಲೋದಿಲ್ಲ: ಒದ್ದೆ ಹತ್ತಿಯಿಂದ ತುಟಿ ಒರೆಸುವುದು, ಮಗ್ಗುಲು ಬದಲಿಸುವುದು, ನೋವಿಗೆ ಔಷಧ ಕೊಡುವುದು ಇದ್ದೇ ಇರುತ್ತದೆ.