ಓದುಗರ ಪ್ರಶ್ನೆ, ನಮ್ಮ ಉತ್ತರ: ಉಸುಯಿ ಘಟ್ಟದ ಇಂಜಿನ್‌ಗಳು

ಪ್ರಶ್ನೆ: ಜಪಾನ್ ಪ್ರವಾಸದಲ್ಲಿ ಯೊಕೊಕಾವಾದ ಉಸುಯಿ ಘಟ್ಟದ ರೈಲು ಸಂಗ್ರಹಾಲಯ ನೋಡಬೇಕೆಂದಿದ್ದೇವೆ. ಅರ್ಧ ದಿನವಷ್ಟೇ ಸಿಗುತ್ತದೆ. ತಪ್ಪದೆ ನೋಡಬೇಕಾದದ್ದು ಯಾವುದು?

ಉತ್ತರ: ಟಕಾಸಾಕಿಯಿಂದ ಬರುವ ರೈಲು ಯೊಕೊಕಾವಾದಲ್ಲೇ ಕೊನೆಗೊಳ್ಳುತ್ತದೆ, ಸಂಗ್ರಹಾಲಯ ನಿಲ್ದಾಣದ ಪಕ್ಕದಲ್ಲೇ ಇದೆ. ಮಂಗಳವಾರ ಸಾಮಾನ್ಯವಾಗಿ ರಜೆ. ಸಾಲುಸಾಲು ಇಂಜಿನ್‌ಗಳಿವೆ, ಆದರೆ ಸಮಯವನ್ನು ಇಡಿ42 ಮತ್ತು ಇಎಫ್63 ಎಂಬ ಎರಡು ಬಗೆಯ ವಿದ್ಯುತ್ ಇಂಜಿನ್‌ಗಳಿಗೆ ಮೀಸಲಿಡಿ.

ಇಲ್ಲಿಂದ ಘಟ್ಟದ ಮೇಲಿನ ಊರು ಕರುಯಿಜಾವಾಕ್ಕೆ 11.2 ಕಿ.ಮೀ., ಅಷ್ಟರಲ್ಲಿ ಸುಮಾರು 550 ಮೀಟರ್ ಏರಬೇಕು. ಕಡಿದಾದ ಕಡೆ 15 ಮೀಟರಿಗೆ 1 ಮೀಟರ್ ಏರು. 1893ರಿಂದ 1963ರವರೆಗೆ ರೈಲು ಇದನ್ನು ಹತ್ತಿದ್ದು ಆಬ್ಟ್ ಪದ್ಧತಿಯ ಹಲ್ಲುಹಳಿಯ ಮೇಲೆ. ಎರಡು ಹಳಿಗಳ ನಡುವೆ ಹಲ್ಲಿನ ಮೂರು ಉಕ್ಕಿನ ಪಟ್ಟಿಗಳು. ಒಂದರ ಹಲ್ಲಿಗೆ ಇನ್ನೊಂದರ ಹಲ್ಲು ಎದುರಾಗದಂತೆ ಮೂರನ್ನೂ ಹಿಂದೆಮುಂದೆ ಸರಿಸಿ ಕೂರಿಸಿದ್ದಾರೆ. ಹೀಗಾಗಿ ಒಂದು ಹಲ್ಲು ಬಿಡುವ ಮೊದಲೇ ಇನ್ನೊಂದು ಕಚ್ಚಿರುತ್ತದೆ, ಜಗ್ಗಾಟವಿಲ್ಲ. ಹಲ್ಲುಹಳಿ ಶುರುವಾಗುವ ತುಂಡು ಮಾತ್ರ ಸ್ಪ್ರಿಂಗ್ ಮೇಲೆ ಕೂತಿರುತ್ತದೆ: ಇಂಜಿನ್ನಿನ ಹಲ್ಲುಗಾಲಿ ಹಲ್ಲಿನ ಮೇಲೇ ಬಂದು ಕೂತರೆ ಪಟ್ಟಿ ತಗ್ಗಿ, ಮುಂದಿನ ಸಂದಿಗೆ ಸರಿಯಾಗಿ ಇಳಿಯಲು ಬಿಡಬೇಕಲ್ಲ.

ದಾರಿಯಲ್ಲಿ 26 ಸುರಂಗಗಳಿದ್ದವು. ಹೊಗೆಯಲ್ಲಿ ಸಿಬ್ಬಂದಿಗೆ ಉಸಿರು ಕಟ್ಟುತ್ತಿತ್ತು, ಅದಕ್ಕೇ 1912ರಲ್ಲಿ ವಿದ್ಯುತ್ ಬಂತು. ಸುರಂಗ ಇಕ್ಕಟ್ಟು, ಮೇಲೆ ತಂತಿಗೆ ಜಾಗವಿಲ್ಲ. ಹಳಿಯ ಪಕ್ಕದ ಮೂರನೇ ಹಳಿಯಿಂದ ವಿದ್ಯುತ್ ಪಡೆದರು. ಇಡಿ42 ಈ ಮೂರನೇ ಹಳಿಯ ಕಾಲದ್ದು.

ನಿಲ್ದಾಣದ ಎದುರು ಚರಂಡಿಯ ಮುಚ್ಚಳ ನೋಡಲು ಮರೆಯಬೇಡಿ. ಕಿತ್ತ ಹಲ್ಲುಪಟ್ಟಿಗಳನ್ನೇ ಅಲ್ಲಿ ಹಾಸಿದ್ದಾರೆ. ಬಗ್ಗಿ ನೋಡಿದರೆ ಹಲ್ಲುಗಳು ಸ್ಪಷ್ಟವಾಗಿ ಕಾಣುತ್ತವೆ.

ಪ್ರಶ್ನೆ: 1963ರ ನಂತರ ಹಲ್ಲುಹಳಿ ಇಲ್ಲದೆಯೇ ಇಎಫ್63 ಅದೇ ಏರನ್ನು ಹೇಗೆ ಹತ್ತಿತು?

ಉತ್ತರ: ಹತ್ತುವುದಕ್ಕಿಂತ ಇಳಿಯುವುದೇ ಅಲ್ಲಿ ಕಷ್ಟ. ಆ ಇಂಜಿನ್ನನ್ನು ಅರ್ಥ ಮಾಡಿಕೊಳ್ಳಲು ಇದೊಂದು ತಿಳಿದರೆ ಸಾಕು. ಒಂದೊಂದು 108 ಟನ್ ತೂಕದ ಎರಡು ಇಂಜಿನ್‌ಗಳು ಜೋಡಿಯಾಗಿ, ಯಾವಾಗಲೂ ರೈಲಿನ ಕೆಳಬದಿಗೆ ನಿಲ್ಲುತ್ತಿದ್ದವು. ಹತ್ತುವಾಗ ತಳ್ಳುತ್ತಿದ್ದವು, ಇಳಿಯುವಾಗ ಭಾರವನ್ನು ಎದೆಕೊಟ್ಟು ತಡೆಯುತ್ತಿದ್ದವು. ಕೊಂಡಿ ಕಳಚಿದರೂ ಬೋಗಿಗಳು ಜಾರಿಹೋಗುವಂತಿಲ್ಲ.

ಇಡೀ ಇಳಿಜಾರಿನಲ್ಲಿ ಗಾಳಿ ಬ್ರೇಕನ್ನೇ ಒತ್ತಿ ಹಿಡಿದರೆ ಗಾಲಿಗಳು ಕಾದು ಕೆಡುತ್ತವೆ. ಆದ್ದರಿಂದ ಮೋಟಾರುಗಳನ್ನೇ ಜನರೇಟರ್‌ಗಳಾಗಿ ತಿರುಗಿಸಿ, ಹುಟ್ಟಿದ ವಿದ್ಯುತ್ತನ್ನು ದೊಡ್ಡ ರೆಸಿಸ್ಟರ್‌ಗಳಲ್ಲಿ ಶಾಖವಾಗಿ ಹೊರಹಾಕುತ್ತಿದ್ದರು. ಇನ್ನೊಂದು ಏರ್ಪಾಡು ಗಾಲಿಗಳ ನಡುವೆ ತಗ್ಗಾಗಿ ತೂಗುತ್ತದೆ, ಪಕ್ಕದಿಂದ ಬಗ್ಗಿ ಹುಡುಕಿ: ಹಳಿಯನ್ನೇ ಕಚ್ಚಿಹಿಡಿಯುವ ವಿದ್ಯುತ್ಕಾಂತದ ಬ್ರೇಕ್. ಮಳೆಗೆ ಗಾಲಿ ಜಾರಿದರೂ ಇದರ ಹಿಡಿತಕ್ಕೆ ಗಾಲಿಯ ಹಂಗಿಲ್ಲ. ಪ್ರಯಾಣಿಕರ ರೈಲು ಇಳಿಯುವಾಗ ಗಂಟೆಗೆ 38 ಕಿ.ಮೀ. ಮೀರುವಂತಿರಲಿಲ್ಲ. ಇಷ್ಟೆಲ್ಲ ಇದ್ದರೂ 1975ರ ಅಕ್ಟೋಬರ್ 28ರಂದು ಬೋಗಿಗಳಿಲ್ಲದೆ ಇಳಿಯುತ್ತಿದ್ದ ನಾಲ್ಕು ಇಂಜಿನ್‌ಗಳು ಹಿಡಿತ ತಪ್ಪಿ ಹಳಿ ಬಿಟ್ಟವು.

ಕೆಳಗಿನಿಂದ ತಳ್ಳಿದಾಗ ಹಗುರ ಬೋಗಿ ಹಳಿಯಿಂದ ಎದ್ದುಬಿಡುವ ಭಯವೂ ಇತ್ತು. ಅದಕ್ಕಾಗಿ ಘಟ್ಟ ದಾಟುವಷ್ಟು ಹೊತ್ತು ಬೋಗಿಗಳ ಗಾಳಿ ಸ್ಪ್ರಿಂಗ್‌ಗಳಿಂದ ಗಾಳಿ ತೆಗೆಯುತ್ತಿದ್ದರು. ಕರುಯಿಜಾವಾ ಕಡೆಯ ಮುಖದ ಕೊಂಡಿ ಗಮನಿಸಿ: ಎರಡು ಬಗೆಯ ಕೊಂಡಿಗಳು ಒಂದರಲ್ಲೇ ಇವೆ, ಯಾವ ಬಗೆಯ ರೈಲು ಬಂದರೂ ಜೋಡಿಸಲು.

ಪ್ರಶ್ನೆ: ಇಎಫ್63 ಅನ್ನು ನಾವೇ ಓಡಿಸಬಹುದಂತೆ, ನಿಜವೇ?

ಉತ್ತರ: ನಿಜ, ಅಸಲಿ ಇಂಜಿನ್ನನ್ನೇ. ಆದರೆ ಮುಂಚಿತವಾಗಿ ಕಾಯ್ದಿರಿಸಿ, ತರಬೇತಿ ಪಡೆದು, ಪರೀಕ್ಷೆ ಪಾಸಾಗಬೇಕು. ಎಲ್ಲವೂ ಜಪಾನಿ ಭಾಷೆಯಲ್ಲಿ. ಅರ್ಧ ದಿನದಲ್ಲಿ ಆಗದು.

ಪ್ರಶ್ನೆ: ಹಳೆಯ ಹಲ್ಲುಹಳಿಯ ದಾರಿಯಲ್ಲಿ ನಡೆಯಬಹುದೇ?

ಉತ್ತರ: ಯೊಕೊಕಾವಾದಿಂದ ದಾರಿ ನಡುವಿನ ಹಳೆಯ ನಿಲ್ದಾಣ ಕುಮಾನೊತೈರಾವರೆಗೆ ಸುಮಾರು 6 ಕಿ.ಮೀ. ಕಾಲುದಾರಿಯಾಗಿದೆ, ನಡುವೆ 10 ಸುರಂಗಗಳು. ನಾಲ್ಕು ಕಮಾನುಗಳ ಇಟ್ಟಿಗೆ ಸೇತುವೆ, ಅಂದರೆ ಕನ್ನಡಕ ಸೇತುವೆ, 31 ಮೀಟರ್ ಎತ್ತರವಿದೆ, ಅಲ್ಲಿಯವರೆಗಾದರೂ ಹೋಗಿ. ಏರು ಸತತವಾಗಿರುವುದರಿಂದ ನೀರು ಜೊತೆಗಿರಲಿ, ಬೇಸಿಗೆಯಲ್ಲೂ ಸುರಂಗದೊಳಗೆ ತಂಪು, ತೆಳು ಸ್ವೆಟರ್ ಇಟ್ಟುಕೊಳ್ಳಿ. ಸಂಜೆ 6ಕ್ಕೆ ಸುರಂಗದ ದೀಪಗಳು ಆರುತ್ತವೆ, ಅಷ್ಟರೊಳಗೆ ಕೆಳಗಿಳಿದಿರಬೇಕು.