ಓದುಗರ ಪ್ರಶ್ನೆ: ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಒಂದು ವಾರ ಸೈಕಲ್ ಸವಾರಿ

ಪ್ರಶ್ನೆ: ನನಗೆ 59 ವರ್ಷ, ನಮ್ಮ ಯಜಮಾನರಿಗೆ 63. ಪ್ರತಿ ಭಾನುವಾರ ಬೆಳಿಗ್ಗೆ ವಿ.ಸಿ. ನಾಲೆಯ ಏರಿಯ ಮೇಲೆ ಇಬ್ಬರೂ ಇಪ್ಪತ್ತು ಕಿ.ಮೀ. ಸೈಕಲ್ ತುಳಿಯುತ್ತೇವೆ. ಡಬ್ಲಿನ್‌ನಲ್ಲಿರುವ ಮಗಳ ಮನೆಗೆ ಹೋದಾಗ ಅಲ್ಲಿನ ಹಳ್ಳಿಗಾಡನ್ನು ಸೈಕಲ್ಲಿನಲ್ಲೇ ನೋಡುವ ಆಸೆ. ಪ್ರವಾಸ ಸಂಸ್ಥೆಯೊಂದು ದಿನಕ್ಕೆ 70 ಕಿ.ಮೀ.ಯಂತೆ ಆರು ದಿನಗಳ ಯೋಜನೆ ಕಳುಹಿಸಿದೆ. ಇದು ನಮ್ಮಿಂದ ಆದೀತೇ? ಯಾವ ತಿಂಗಳು ಸೂಕ್ತ? ಸಸ್ಯಾಹಾರಿಗಳಿಗೆ ಊಟದ ತೊಂದರೆಯಿದೆಯೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಖಂಡಿತ ಹೋಗಿಬನ್ನಿ, ಆದರೆ ಆ ಯೋಜನೆಯನ್ನು ಒಪ್ಪಿಕೊಳ್ಳಬೇಡಿ. ನಾಲೆಯ ಏರಿ ಸಮತಟ್ಟಾದದ್ದು. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ದಿಣ್ಣೆಗಳು ಒಂದರ ಹಿಂದೊಂದು ಬರುತ್ತವೆ. ಅದಕ್ಕಿಂತ ಹೆಚ್ಚಾಗಿ, ಅಟ್ಲಾಂಟಿಕ್ ಸಾಗರದಿಂದ ಬೀಸುವ ಗಾಳಿಗೆ ಎದುರಾಗಿ ತುಳಿಯುವ ಹತ್ತು ಕಿ.ಮೀ. ನಮ್ಮ ಕಡೆಯ ಇಪ್ಪತ್ತಕ್ಕೆ ಸಮನೆನಿಸಬಹುದು. ದಿನಕ್ಕೆ ಇಪ್ಪತ್ತೈದರಿಂದ ಮೂವತ್ತು ಕಿ.ಮೀ. ಇಟ್ಟುಕೊಂಡರೆ ದಾರಿಯೂ ಕಾಣುತ್ತದೆ, ಊರೂ ಕಾಣುತ್ತದೆ.

ನಿಮಗೆ ಹೇಳಿಮಾಡಿಸಿದಂತಿರುವುದು ಮೇಯೊ ಕೌಂಟಿಯ ‘ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ’. 1937ರಲ್ಲಿ ನಿಂತುಹೋದ ರೈಲು ಮಾರ್ಗದ ಜಾಡಿನಲ್ಲಿ, ವೆಸ್ಟ್‌ಪೋರ್ಟ್ ಪಟ್ಟಣದಿಂದ ಅಕಿಲ್ ದ್ವೀಪದ ಕಡೆಗೆ ಸುಮಾರು 42 ಕಿ.ಮೀ. ಉದ್ದಕ್ಕೆ ನಿರ್ಮಿಸಿರುವ ಈ ದಾರಿ ಬಹುಪಾಲು ವಾಹನಗಳಿಂದ ಮುಕ್ತವಾಗಿದೆ. ಹಬೆಯ ಎಂಜಿನ್ನು ಕಡಿದಾದ ಏರನ್ನು ಹತ್ತಲಾರದೆಂದು ಅಂದು ನೆಲವನ್ನು ಕಡಿದು, ತುಂಬಿ ಇಳಿಜಾರನ್ನು ತಗ್ಗಿಸಿದ್ದರು. ಆ ಶ್ರಮದ ಫಲ ಇಂದು ನಿಮ್ಮ ಮಂಡಿಗಳಿಗೆ ಸಲ್ಲುತ್ತದೆ. ಗಾಳಿ ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ, ಬಾಡಿಗೆ ಅಂಗಡಿಯವರ ವ್ಯಾನಿನಲ್ಲಿ ಸೈಕಲ್ ಸಮೇತ ಅಕಿಲ್‌ಗೆ ಹೋಗಿ, ಅಲ್ಲಿಂದ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಹಿಂದಿರುಗುವುದು ಜಾಣತನ. ನಡುವೆ ಮಲ್ರಾನಿಯಲ್ಲೋ ನ್ಯೂಪೋರ್ಟ್‌ನಲ್ಲೋ ರಾತ್ರಿ ತಂಗಿದರೆ ಎರಡು ದಿನಗಳಲ್ಲಿ ನಿರಾಯಾಸವಾಗಿ ಮುಗಿಯುತ್ತದೆ. ಡಬ್ಲಿನ್‌ನಿಂದ ವೆಸ್ಟ್‌ಪೋರ್ಟ್‌ಗೆ ರೈಲಿದೆ.

ಉಳಿದ ದಿನಗಳಲ್ಲಿ ಎರಡನ್ನು, ಪಶ್ಚಿಮ ಕರಾವಳಿಯಾಚೆಯ ಅರಾನ್ ದ್ವೀಪಗಳಲ್ಲಿ ದೊಡ್ಡದಾದ ಇನಿಶ್‌ಮೋರ್‌ಗೆ ಮೀಸಲಿಡಿ. ಗಾರೆಯಿಲ್ಲದೆ ಬರಿಯ ಕಲ್ಲು ಪೇರಿಸಿದ ಗೋಡೆಗಳ ನಡುವಿನ ಕಿರುದಾರಿಗಳಲ್ಲಿ ಸಾಗಿ, ಸಮುದ್ರದ ಪ್ರಪಾತದ ಅಂಚಿನಲ್ಲಿ ನಿಂತಿರುವ ಡೂನ್ ಎಂಗಸ್ ಎಂಬ ಪ್ರಾಚೀನ ಕೋಟೆಯನ್ನು ನೋಡಬಹುದು. ಇಂಥ ದಾರಿಗೆ ಅಲ್ಲಿಯವರು ‘ಬೋರೀನ್’ ಎನ್ನುತ್ತಾರೆ. ಐರಿಷ್ ಭಾಷೆಯಲ್ಲಿ ‘ಬೋ’ ಎಂದರೆ ಹಸು, ಆ ಭಾಷೆಯಲ್ಲಿ ದಾರಿಗಿರುವ ಪದ ಹುಟ್ಟಿದ್ದೂ ಅದರಿಂದಲೇ. ನಮ್ಮ ಹಳ್ಳಿಗಳಲ್ಲಿ ಎರಡು ಬೇಲಿಗಳ ನಡುವೆ ದನ ಹೊಡೆದುಕೊಂಡು ಹೋಗುವ ಓಣಿಯನ್ನು ಬಲ್ಲ ನಿಮಗೆ ಅದು ಪರಕೀಯವೆನಿಸದು. ವಾಹನಗಳು ನಮ್ಮಲ್ಲಿಯಂತೆ ಎಡಬದಿಯಲ್ಲೇ ಚಲಿಸುತ್ತವೆ. ಆದರೂ ಓಣಿಯ ತಿರುವುಗಳಲ್ಲಿ ಬೇಲಿ ಎತ್ತರವಾಗಿರುವುದರಿಂದ ನಿಧಾನಿಸಿ.

ಮೇ ಮತ್ತು ಜೂನ್ ತಿಂಗಳುಗಳು ಉತ್ತಮ. ಮೇನಲ್ಲಿ ಹಾಥಾರ್ನ್ ಬೇಲಿಗಳು ಬಿಳಿ ಹೂ ತಳೆದಿರುತ್ತವೆ. ಜೂನ್‌ನಲ್ಲಿ ಹಗಲು ಸುಮಾರು ಹದಿನೇಳು ಗಂಟೆ ಇರುವುದರಿಂದ ಕತ್ತಲಾಗುವ ಆತಂಕವಿಲ್ಲ. ಮಳೆ ಮಾತ್ರ ಯಾವ ತಿಂಗಳಲ್ಲೂ ಬರಬಹುದು. ನಮ್ಮ ಮುಂಗಾರಿನಂತೆ ಸುರಿಯದೆ ತುಂತುರಾಗಿ ಬಂದು ಹೋಗುವ ಆ ಮಳೆಗೆ ಕೊಡೆ ಪ್ರಯೋಜನವಿಲ್ಲ. ಒಳ್ಳೆಯ ಮಳೆ ಜಾಕೆಟ್ಟಿಗೆ ಹಣ ಖರ್ಚು ಮಾಡಿ.

ಊಟಕ್ಕೆ ಹೆದರಬೇಕಿಲ್ಲ. ಕಂದು ಸೋಡಾ ಬ್ರೆಡ್, ಬೆಣ್ಣೆ, ಆಲೂಗಡ್ಡೆ ಎಲ್ಲೆಡೆ ಸಿಗುತ್ತವೆ. ತರಕಾರಿ ಸೂಪು ತರಿಸುವಾಗ ಮಾತ್ರ ಅದಕ್ಕೆ ಮಾಂಸದ ಕಟ್ಟು ಬಳಸಿದ್ದಾರೆಯೇ ಎಂದು ಕೇಳಿಕೊಳ್ಳಿ. ತಂಗುವ ಮನೆಯವರಿಗೆ ಮೊದಲೇ ತಿಳಿಸಿದ್ದರೆ ಬೆಳಗಿನ ಉಪಾಹಾರದಲ್ಲಿ ಸಸ್ಯಾಹಾರಕ್ಕೆ ಅನುಕೂಲ ಮಾಡಿಕೊಡುತ್ತಾರೆ.

ಇನ್ನೊಂದು ಮಾತು: ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ಒಕ್ಕೂಟದಲ್ಲಿ ಐರ್ಲೆಂಡ್ ಇಲ್ಲ. ಆದ್ದರಿಂದ ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ. ಐರ್ಲೆಂಡಿನ ವೀಸಾ ಕೈಗೆ ಬಂದ ಮೇಲೆಯೇ ಸೈಕಲ್ ಬಾಡಿಗೆಗೂ ಕೋಣೆಗಳಿಗೂ ಮುಂಗಡ ಕಟ್ಟಿ.